ನಾನು ಎದ್ದಿರ್ತೀನಿ, ಕಾಲು ಎದ್ದಿರಲ್ಲ

ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಆಪ್ತಸಲಹೆಗಾರ್ತಿಯಾದ ನನಗೆ ಇಂಥದ್ದೇ ದೂರು ಹೊತ್ತು ಬರುವ ತಾಯಂದಿರು ಮತ್ತೆ ಮತ್ತೆ ಸಿಗುತ್ತಾರೆ, ಅದಕ್ಕೇ ಬರೆಯಬೇಕು ಅನ್ನಿಸಿತು.

ಮಗುವಿಗೆ ಏಳು ವರ್ಷ. ದಿನಾ ಸ್ಕೂಲಿಗೆ ತಡ, ಪ್ರಾರ್ಥನೆಗೆ ನಿಲ್ಲಲ್ಲ, ಊಟದ ಬೆಲ್ ಆದಮೇಲೆ ಮಾತ್ರ ಚೆನ್ನಾಗಿ ಓಡಾಡ್ತಾಳೆ ಎಂದು ಟೀಚರ್ ಹೇಳಿ ಕಳಿಸಿದ್ದರು. ಅಜ್ಜಿ "ಚಕ್ಕರ್ ಹೊಡೆಯೋಕೆ ನಾಟಕ" ಅಂದಿದ್ದರು. ಎಡ ಮೊಣಕಾಲು ಊದಿ ನಾಲ್ಕು ತಿಂಗಳಾಗಿತ್ತು. ಡಾಕ್ಟರು ಮಕ್ಕಳ ಸಂಧಿವಾತ ಎಂದು ಹೇಳಿ ಮಾತ್ರೆ ಕೊಟ್ಟಿದ್ದರು. ಅಮ್ಮನಿಗೆ ಅದರ ಮೇಲೂ ಅನುಮಾನ. "ಆರ್‌ಎ ಫ್ಯಾಕ್ಟರ್, ಅದೇ ಸಂಧಿವಾತಕ್ಕೆ ಮಾಡೋ ರಕ್ತಪರೀಕ್ಷೆ, ನೆಗೆಟಿವ್ ಬಂದಿದೆ ಮೇಡಂ. ವಯಸ್ಸಾದವರ ಕಾಯಿಲೆ ಇವಳಿಗೆ ಹೇಗೆ?"

ಎರಡನೇ ಭೇಟಿಯಲ್ಲಿ ಅಮ್ಮನನ್ನು ಸುಮ್ನೆ ಕೂರಲು ಹೇಳಿ, ಮಗುವಿಗೆ ಚಾಪೆ ಹಾಸಿದೆ. "ಬೆಳಗ್ಗೆ ಹೇಗೆ ಏಳ್ತೀಯಾ, ತೋರಿಸು ಪುಟ್ಟಿ." ಅವಳು ಪಕ್ಕಕ್ಕೆ ಹೊರಳಿದಳು. ಬಲಗಾಲು ಮಡಚಿತು, ಎಡಗಾಲು ಕೋಲಿನ ಹಾಗೆ ನೆಟ್ಟಗೇ ಇತ್ತು. ಎರಡೂ ಅಂಗೈ ನೆಲಕ್ಕೂರಿ, ಕುರ್ಚಿ ಹಿಡಿದು ಎದ್ದಳು. ಆಮೇಲೆ ತಾನಾಗೇ ಹೇಳಿದಳು: "ಆಂಟಿ, ನಾನು ಎದ್ದಿರ್ತೀನಿ. ಕಾಲು ಎದ್ದಿರಲ್ಲ. ಬಿಸಿನೀರು ಹಾಕಿದ್ಮೇಲೆ ಅದು ಏಳತ್ತೆ."

ಅಮ್ಮ ಕೇಳಿದರು, "ಮತ್ತೆ ಸ್ಕೂಲಲ್ಲಿ ನೀರು ಯಾಕೆ ಕುಡಿಯಲ್ಲ?"

"ಅಲ್ಲಿ ಟಾಯ್ಲೆಟ್ಟಲ್ಲಿ ಕುಕ್ಕರಗಾಲಲ್ಲಿ ಕೂತ್ರೆ ಏಳಕ್ಕಾಗಲ್ಲ."

ಅಮ್ಮ ಬ್ಯಾಗಿನಿಂದ ಬಾಟಲ್ ತೆಗೆದು ನೋಡಿದರು. ಅವತ್ತೂ ತುಂಬಿತ್ತು.

16 ವರ್ಷ ತುಂಬುವ ಮೊದಲೇ ಶುರುವಾಗಿ, ಆರು ವಾರವಾದರೂ ಹೋಗದ, ಬೇರೆ ಕಾರಣ ಸಿಗದ ಕೀಲಿನ ಉರಿಯೂತವೇ ಮಕ್ಕಳ ಸಂಧಿವಾತ. ಹೆಚ್ಚಿನ ಮಕ್ಕಳಲ್ಲಿ ಆ ಫ್ಯಾಕ್ಟರ್ ನೆಗೆಟಿವ್ವೇ ಬರುತ್ತದೆ. ರಾತ್ರಿಯಿಡೀ ಮಲಗಿದ ಕೀಲು ಬೆಳಗ್ಗೆ ಬಿಗಿದಿರುತ್ತದೆ, ಓಡಾಡಿದ ಹಾಗೆ ಸಡಿಲವಾಗುತ್ತದೆ. ಅವಳ ಬೆಳಗಿನ ಕುಂಟು ನಿಜ, ಮಧ್ಯಾಹ್ನದ ಓಟವೂ ನಿಜ. 'ಬೆಳೆಯುವ ನೋವು' ಹಾಗಲ್ಲ. ಅದು ಸಂಜೆ, ರಾತ್ರಿ ಎರಡೂ ಕಾಲಲ್ಲಿ ಬರುತ್ತದೆ, ಊತ ಇರುವುದಿಲ್ಲ, ಬೆಳಗ್ಗೆ ಮಗು ಆರಾಮಾಗಿರುತ್ತದೆ.

ನಾನು ಮೊದಲು ಹೇಳಿದ್ದು, ಮನೆಯಲ್ಲಿ 'ನಾಟಕ' ಅನ್ನುವ ಮಾತು ಇನ್ನು ಬೇಡ ಅಂತ. ಅಜ್ಜಿಗೆ ಬೇಜಾರಾಯಿತು. ಆದರೂ ಹೇಳಿದೆ. ಯಾರೂ ನಂಬದಿದ್ದರೆ ಮಗು ನೋವು ಹೇಳುವುದನ್ನೇ ಬಿಡುತ್ತದೆ, ಮುಂದಿನ ಊತ ನಮಗೆ ಗೊತ್ತಾಗುವುದೇ ಇಲ್ಲ. ಸ್ಕೂಲಿಗೆ ಚೀಟಿ ಬರೆದುಕೊಟ್ಟೆ: ನೆಲದ ಬದಲು ಕುರ್ಚಿ, ಪಿರಿಯಡ್ಡಿಗೊಮ್ಮೆ ಎದ್ದು ಓಡಾಡಲು ಬಿಡಿ, ಟೀಚರ್‌ಗಳ ಕಮೋಡ್ ಬಳಸಲು ಬಿಡಿ.

ಮಾತ್ರೆಯ ವಿಷಯ ಆಪ್ತಸಲಹೆಗಾರರಿಗೆ ಯಾಕೆ ಎನ್ನುವವರಿದ್ದಾರೆ. ನಾನು ಡೋಸ್ ಹೇಳುವುದಿಲ್ಲ. ಆದರೆ ಡಾಕ್ಟರು ಇವಳಿಗೆ ಕೊಟ್ಟ ಮಾತ್ರೆ ಮೆಥೊಟ್ರೆಕ್ಸೇಟ್; ಅದು ಈ ಕಾಯಿಲೆಗೆ ವಾರಕ್ಕೊಮ್ಮೆ ಮಾತ್ರ ಕೊಡುವ ಔಷಧ, ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಇದು ಗೊತ್ತಿದ್ದೂ ಸುಮ್ಮನಿರುವುದು ನನ್ನಿಂದಾಗದು. ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಗೆರೆ ಹಾಕಿಸಿದೆ. ಊತ ಇಳಿಯಿತೆಂದು ನೀವೇ ನಿಲ್ಲಿಸಬೇಡಿ ಎಂದೂ ಹೇಳಿದೆ.

ಕಣ್ಣನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಈ ಮಕ್ಕಳಿಗೆ ಕಣ್ಣಿನೊಳಗೂ ಉರಿಯೂತ ಬರಬಹುದು. ಕೆಂಪಾಗದೆ, ನೋಯದೆ ದೃಷ್ಟಿ ಹೋಗಬಹುದು. ಮಗು ಹೇಳಲಿ ಎಂದು ಕಾಯುವ ಹಾಗಿಲ್ಲ. ಡಾಕ್ಟರು ಹೇಳಿದ ಅವಧಿಗೆ, ಎಷ್ಟೋ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ, ಸ್ಲಿಟ್ ಲ್ಯಾಂಪ್ ತಪಾಸಣೆ (ಸಣ್ಣ ಬೆಳಕಿನ ಗೆರೆ ಬಿಟ್ಟು ಕಣ್ಣಿನೊಳಗೆ ದೊಡ್ಡದಾಗಿ ನೋಡುವ ಪರೀಕ್ಷೆ) ಆಗಲೇಬೇಕು.

ಬಾಟಲ್ ಈಗ ಖಾಲಿಯಾಗಿ ಬರುತ್ತಿದೆಯಂತೆ. ಕಣ್ಣಿನ ತಪಾಸಣೆ ಇನ್ನೂ ಬಾಕಿ. ಈ ಶನಿವಾರ ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅಜ್ಜಿ ಫೋನ್ ಮಾಡಿದ್ದರು.