ಗರ್ಭದಲ್ಲಿರುವ ಮಗು ಏನನ್ನು ನುಂಗುತ್ತದೆ? ಅದು ಜೀರ್ಣವಾಗುತ್ತದೆಯೇ?

ನೀವು ಕಾರವಾರದಿಂದ ಕೇಳಿದ್ದೀರಿ: ಹೆಂಡತಿಗೆ ಐದು ತಿಂಗಳು, ಸ್ಕ್ಯಾನಿಂಗ್‌ನಲ್ಲಿ ಮಗು ಏನನ್ನೋ ನುಂಗುತ್ತಿರುವುದು ಕಂಡಿತು. ಅದು ಏನು, ಎಲ್ಲಿಗೆ ಹೋಗುತ್ತದೆ, ಹುಟ್ಟಿದ ಕೂಡಲೇ ಜೇನು ನೆಕ್ಕಿಸಬಹುದೇ ಎಂದು. ನಾನು ವೈದ್ಯೆಯಲ್ಲ, ಶಿರಸಿ ಸಮೀಪದ ತೋಟದ ಮನೆಯವಳು. ನನ್ನ ಮಗ 31ನೇ ವಾರಕ್ಕೇ ಹುಟ್ಟಿದ. ಅವನು ನುಂಗಲು ಕಲಿಯುವವರೆಗೂ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕಾದು ಕುಳಿತಿದ್ದೆ. ಮಕ್ಕಳ ವೈದ್ಯರನ್ನೂ ದಾದಿಯರನ್ನೂ ಕೇಳಿ, ಆಮೇಲೆ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮಗು ನುಂಗುವುದು ತನ್ನ ಸುತ್ತಲಿನ ಗರ್ಭದ ನೀರನ್ನು. ಹತ್ತು ಹನ್ನೆರಡು ವಾರಗಳಾಗುವಾಗಲೇ ಇದು ಶುರುವಾಗುತ್ತದೆ. ಐದನೇ ತಿಂಗಳಿಗೆ ಬರುವ ಹೊತ್ತಿಗೆ ಆ ನೀರಿನ ಬಹುಪಾಲು ಮಗುವಿನದೇ ಮೂತ್ರ. ಇದನ್ನು ಹೇಳಿದಾಗ ನಮ್ಮ ಆಯಿ ಮುಖ ಕಿವುಚಿದ್ದಳು. ಆದರೆ ಹೇಸುವಂಥದ್ದು ಅದರಲ್ಲಿಲ್ಲ. ಮಗುವಿನ ರಕ್ತದ ಕಶ್ಮಲದ ಬಹುಪಾಲನ್ನು ಮಾಸು, ಅಂದರೆ ಹೊಕ್ಕುಳಬಳ್ಳಿ ಅಂಟಿಕೊಂಡಿರುವ ಅಂಗ, ತಾಯಿಯ ರಕ್ತಕ್ಕೆ ದಾಟಿಸುತ್ತದೆ, ಹೊರಹಾಕುವುದು ತಾಯಿಯ ದೇಹ. ದಿನ ತುಂಬುವ ಹೊತ್ತಿಗೆ ಮಗು ದಿನಕ್ಕೆ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ಕುಡಿಯುತ್ತದೆ. ಕುಡಿದ ನೀರನ್ನು ಕರುಳು ಹೀರಿಕೊಳ್ಳುತ್ತದೆ, ಅದು ರಕ್ತ ಸೇರಿ ಮತ್ತೆ ಮೂತ್ರವಾಗಿ ಹೊರಬರುತ್ತದೆ. ಅನ್ನನಾಳ ಜಠರಕ್ಕೆ ಕೂಡಿಕೊಂಡಿರದ ಮಗುವಿಗೆ ನುಂಗಲಾಗುವುದಿಲ್ಲ, ಆಗ ಗರ್ಭದಲ್ಲಿ ನೀರು ಅತಿಯಾಗಬಹುದು. ಸ್ಕ್ಯಾನ್ ಮಾಡುವವರು ಮಗುವಿನ ಜಠರದ ಕಪ್ಪು ಗುಳ್ಳೆಯನ್ನೂ ನೀರಿನ ಪ್ರಮಾಣವನ್ನೂ ನೋಡುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಇದು ಊಟವಲ್ಲ. ಊಟ ಬರುವುದು ಹೊಕ್ಕುಳಬಳ್ಳಿಯ ರಕ್ತದಲ್ಲಿ. ನುಂಗಿದ ನೀರಿನಿಂದ ಒಂದಿಷ್ಟು ಪ್ರೊಟೀನು ದಕ್ಕುತ್ತದೆ, ಕರುಳು ಬೆಳೆಯುವುದಕ್ಕೂ ಆ ನೀರು ಬೇಕು. ಜೀರ್ಣವಾಗದೆ ಉಳಿದ ನವಿರು ಕೂದಲು, ಉದುರಿದ ಚರ್ಮದ ಕಣ, ಲೋಳೆ, ಪಿತ್ತ ಎಲ್ಲ ಸೇರಿ ಕರುಳಿನಲ್ಲಿ ಹಸಿರುಗಪ್ಪು ಅಂಟಾಗಿ ಕೂಡುತ್ತವೆ. ವೈದ್ಯರು ಮೆಕೋನಿಯಂ ಎನ್ನುವುದು ಇದನ್ನೇ. ಸಾಮಾನ್ಯವಾಗಿ ಹುಟ್ಟಿದ ಒಂದೆರಡು ದಿನಗಳಲ್ಲಿ ಹೋಗುತ್ತದೆ. ಎರಡು ದಿನ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ತಾಯಿ ತಿಂದದ್ದರ ಪರಿಮಳವೂ ಆ ನೀರಿಗೆ ಇಳಿಯುತ್ತದೆ. 1995ರಲ್ಲಿ ಅಮೆರಿಕದಲ್ಲಿ ಕೆಲವು ಗರ್ಭಿಣಿಯರಿಗೆ ಬೆಳ್ಳುಳ್ಳಿಯ ಗುಳಿಗೆ ಕೊಟ್ಟು, ಬಳಿಕ ಗರ್ಭದ ನೀರನ್ನು ತೆಗೆದು ಮೂಸಿ ನೋಡಿದರು. ಹೆಚ್ಚಿನವರ ನೀರಿನಲ್ಲಿ ವಾಸನೆ ಗೊತ್ತಾಯಿತು. ನಾನು ಬಸುರಿಯಾಗಿದ್ದಾಗ ಅಪ್ಪೆಹುಳಿ ಇಲ್ಲದೆ ಊಟ ಸೇರುತ್ತಿರಲಿಲ್ಲ. ಅದರ ಘಮ ಅವನಿಗೂ ತಲುಪಿರಬಹುದೆಂದು ನೆನೆದರೆ ಈಗಲೂ ಸಂತೋಷವಾಗುತ್ತದೆ.

ನುಂಗಲು ಬಂದ ಮಾತ್ರಕ್ಕೆ ಹಾಲು ಕುಡಿಯಲು ಬಂದಂತಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡೆ. ಗರ್ಭದಲ್ಲಿ ಮಗು ಶ್ವಾಸಕೋಶದಿಂದ ಉಸಿರಾಡಬೇಕಿಲ್ಲ. ಹೊರಗೆ ಬಂದ ಮೇಲೆ ಚೀಪಬೇಕು, ನುಂಗಬೇಕು, ನಡುವೆ ಉಸಿರು ಎಳೆಯಬೇಕು. ಈ ಮೂರೂ ಹೊಂದಿಕೊಳ್ಳಲು ಶುರುವಾಗುವುದು 32–34 ವಾರಗಳ ಸುಮಾರಿಗೆ, ಇನ್ನೂ ಪಕ್ವವಾಗಲು ಕೆಲವು ವಾರ ಬೇಕು. ನನ್ನ ಮಗನ ಮೂಗಿನಿಂದ ಜಠರಕ್ಕೆ ದಾರದಂಥ ನಳಿಗೆ ಇಳಿಸಿದ್ದರು. ನಾನು ಹಿಂಡಿಕೊಟ್ಟ ಹಾಲನ್ನು ದಾದಿ ಸಿರಿಂಜಿನಲ್ಲಿ ಹನಿಹನಿಯಾಗಿ ಇಳಿಬಿಡುತ್ತಿದ್ದರು. ಎದೆಗಿಟ್ಟರೆ ನಾಲ್ಕು ಬಾರಿ ಚೀಪಿ ಉಸಿರು ಮರೆತು ನೀಲಿಗಟ್ಟುತ್ತಿದ್ದ. ಇಪ್ಪತ್ತೈದನೆಯ ದಿನ ಚೀಪಿದ, ನುಂಗಿದ, ತಾನೇ ನಿಲ್ಲಿಸಿ ಉಸಿರೆಳೆದು ಮತ್ತೆ ಚೀಪಿದ. ಆ ಗುಟುಕಿನ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಇನ್ನು ಜೇನಿನ ಮಾತು. ನಮ್ಮ ತೋಟದಲ್ಲೇ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಹಾಗಿದ್ದೂ ಹೇಳುತ್ತೇನೆ, ನೆಕ್ಕಿಸಬೇಡಿ. ಜೇನಿನಲ್ಲಿ ಬೊಟುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು, ಎಳೆಯ ಕರುಳಿಗೆ ಅವುಗಳನ್ನು ತಡೆಯುವ ಶಕ್ತಿ ಬಂದಿರುವುದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಯ ಹಳದಿ ಹಾಲು, ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಮನೆಯ ಹಿರಿಯರಿಗೆ ಬೇಸರವಾಗದಂತೆ ಈಗಲೇ ಹೇಳಿಡಿ, ಹೆರಿಗೆಯ ದಿನ ವಾದ ಬೇಡ. ನನ್ನ ಮಗ ನಮ್ಮ ತೋಟದ ಜೇನನ್ನು ಮೊದಲು ನೆಕ್ಕಿದ್ದು ಒಂದು ವರ್ಷ ತುಂಬಿದ ಮೇಲೆ, ಆಯಿಯ ಬೆರಳಿನಿಂದಲೇ.