ಮಿಂಚುಳ್ಳಿ ಫೋಟೋ ನೇಚರ್ ವಿಭಾಗದಲ್ಲಿ ಸೋತದ್ದು ಯಾಕೆ?

ಬಹುಶಃ ನೀವು ಫೋಟೋದಿಂದ ಅಳಿಸಿದ ಕರೆಂಟ್ ತಂತಿಯೇ ಕಾರಣ. ಊರಿನ ಸ್ಪರ್ಧೆಯಲ್ಲಿ ಗೆದ್ದ ಫೋಟೋಗೆ ಫಿಯಾಪ್ (ಅಂತರರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟ) ಸಲೂನ್‌ನಲ್ಲಿ, ಅಂದರೆ ಅದರ ನಿಯಮದಂತೆ ನಡೆಯುವ ಫೋಟೋ ಸ್ಪರ್ಧೆಯಲ್ಲಿ, 15ಕ್ಕೆ 8 ಬಂತು ಅಂದಿದ್ದೀರಿ. ಫಿಯಾಪ್ ನೇಚರ್ ನಿಯಮದಲ್ಲಿ ಕ್ರಾಪ್ ಮಾಡಬಹುದು (ಅಂಚು ಕತ್ತರಿಸಬಹುದು), ಬೆಳಕು ಬಣ್ಣ ಹದ ಮಾಡಬಹುದು. ಇದ್ದದ್ದನ್ನು ತೆಗೆಯುವ ಹಾಗಿಲ್ಲ.

ಮೊದಲು ಫೈಲನ್ನು ನೂರಕ್ಕೆ ನೂರು ದೊಡ್ಡದು ಮಾಡಿ, ತಂತಿ ಇದ್ದ ಜಾಗ ನೋಡಿ. ಅಳಿಸುವಾಗ ಪಕ್ಕದ ಭಾಗ ನಕಲಾಗಿ, ಹಿಂದಿನ ಹಸಿರಿನಲ್ಲಿ ಒಂದೇ ಆಕಾರದ ಮಚ್ಚೆ ಎರಡು ಕಡೆ ಕಂಡರೆ ತೀರ್ಪುಗಾರರಿಗೂ ಕಂಡಿರುತ್ತದೆ. ಅವರ ಮುಂದೆ ನಿಮ್ಮ ಹೆಸರು ಇರುವುದಿಲ್ಲ, ಫೋಟೋ ಮಾತ್ರ. ಕೆಲವೇ ಸೆಕೆಂಡಿನಲ್ಲಿ ಅಂಕ ಒತ್ತುತ್ತಾರೆ. ಮೂವರಲ್ಲಿ ಒಬ್ಬರು 5ಕ್ಕೆ 2 ಕೊಟ್ಟರೂ ಮೊತ್ತ ಕುಸಿಯುತ್ತದೆ.

ಫೋಟೋ ನಾನು ನೋಡಿಲ್ಲ, ಇದು ಊಹೆ. ಮಚ್ಚೆ ಕಾಣದಿದ್ದರೆ ಕಾರಣ ಬೇರೆ: ಕಡ್ಡಿ ಮೇಲೆ ಸುಮ್ನೆ ಕೂತ ಮಿಂಚುಳ್ಳಿಯನ್ನು ಅವರು ಎಷ್ಟೋ ಸಲ ನೋಡಿರುತ್ತಾರೆ. ಬಾಯಲ್ಲಿ ಮೀನಿದ್ದರೆ ಕಥೆಯೇ ಬೇರೆ!

ಈಗ ರಾ ಫೈಲಿಂದ (ಕ್ಯಾಮೆರಾ ಉಳಿಸಿದ ತಿದ್ದದ ಮೂಲ ಫೈಲ್) ಹೊಸದಾಗಿ ಶುರು ಮಾಡಿ. ತಂತಿ ಕ್ರಾಪ್‌ನಲ್ಲೇ ಹೊರಗೆ ಹೋಗುತ್ತದಾ ನೋಡಿ. ಹೋದರೆ ನೇಚರ್‌ಗೆ ಕಳಿಸಿ. ಹೋಗದಿದ್ದರೆ ತಂತಿ ಅಳಿಸಿದ ಫೋಟೋವನ್ನೇ ಓಪನ್ ಕಲರ್‌ಗೆ (ಯಾವ ವಿಷಯದ ಬಣ್ಣದ ಫೋಟೋ ಆದರೂ ಸರಿ ಎನ್ನುವ ವಿಭಾಗ) ಹಾಕಿ, ಅಲ್ಲಿ ತಿದ್ದುವುದಕ್ಕೆ ಅಡ್ಡಿಯಿಲ್ಲ. ರಾ ಫೈಲ್ ಮಾತ್ರ ಅಳಿಸಬೇಡಿ, ಕೇಳಿದರೆ ತೋರಿಸಬೇಕು. ಗೆದ್ದ ಮೇಲೂ ತನಿಖೆ ಆಗುತ್ತದೆ: ಲಂಡನ್ನಿನ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್‌ನಲ್ಲಿ 2009ರ ಮೊದಲ ಬಹುಮಾನದ ತೋಳ ಸಾಕಿದ್ದಿರಬಹುದು ಎಂದು 2010ರಲ್ಲಿ ಬಹುಮಾನ ವಾಪಸ್ ಪಡೆದರು.

ಮುಂದಿನ ಸಲೂನ್‌ಗೆ ಕಳಿಸುವ ಮೊದಲು ಅದರ ನೇಚರ್ ನಿಯಮ ಒಮ್ಮೆ ಪೂರ್ತಿ ಓದಿ.