ಆ ಮಾತ್ರೆಗೆ ಚೀಟಿಯೂ ಬೇಡ, ಅಪ್ಪಣೆಯೂ ಬೇಡ

ಪತ್ರ: ನಾನು ಹಾಸ್ಟೆಲ್‌ನಲ್ಲಿದ್ದು ಪದವಿ ಓದುತ್ತಿರುವ 20 ವರ್ಷದ ಯುವತಿ. ಹಬ್ಬಕ್ಕೆ ಊರಿಗೆ ಹೊರಡುವ ಮುನ್ನಾದಿನ ಗೆಳೆಯನ ಜೊತೆಗಿದ್ದಾಗ ಕಾಂಡೋಮ್ ಹರಿಯಿತು. ಮರುದಿನ ಊರಿನ ಮೆಡಿಕಲ್ ಶಾಪ್‌ನಲ್ಲಿ ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ ಕೇಳಿದಾಗ, ‘ಡಾಕ್ಟರ್ ಚೀಟಿ ಎಲ್ಲಿ? ಮದುವೆಯಾಗಿದೆಯಾ?’ ಎಂದು ಎಲ್ಲರೆದುರು ಕೇಳಿದರು. ತಲೆನೋವಿನ ಮಾತ್ರೆ ತೆಗೆದುಕೊಂಡು ವಾಪಸಾದೆ. ಮೂರನೆಯ ದಿನ ಗೆಳತಿ ತಂದುಕೊಟ್ಟಳು. ಮುಟ್ಟು ಬಂದಿದೆ, ಭಯ ಹೋಗಿಲ್ಲ. ಮನೆಯವರಿಗೆ ತಿಳಿಯದಂತೆ ಇದನ್ನು ಪಡೆಯುವುದು ತಪ್ಪೇ? ಮುಂದೆ ಮಕ್ಕಳಾಗುವುದಿಲ್ಲವಂತೆ, ನಿಜವೇ? ಅಮ್ಮನಿಗೆ ಹೇಳಬೇಕೇ?
— ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ತಂಗಿ, ನೀವು ತಪ್ಪು ಮಾಡಿಲ್ಲ. ತಪ್ಪು ಮಾಡಿದವರು ಆ ಅಂಗಡಿಯವರು. ನಮ್ಮ ದೇಶದಲ್ಲಿ ಲೆವೊನಾರ್ಜೆಸ್ಟ್ರೆಲ್ ಎಂಬ ತುರ್ತು ಗರ್ಭನಿರೋಧಕ ಮಾತ್ರೆಯನ್ನು 2005ರಿಂದಲೂ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. ಐ-ಪಿಲ್, ಅನ್‌ವಾಂಟೆಡ್-72 ಎಂದು ಮಾರುವುದು ಇದನ್ನೇ. ಮದುವೆಯಾಗಿದೆಯೇ ಎಂದು ಕೇಳಲು ಅವರಿಗೆ ಯಾವ ಅಧಿಕಾರವೂ ಇಲ್ಲ. ಔಷಧ ಅಂಗಡಿ ಇಟ್ಟುಕೊಂಡಿರುವ ಓದುಗರು ಇದ್ದರೆ ಅವರಿಗೂ ಈ ಮಾತು ಮುಟ್ಟಲಿ: ನೀವು ಕೇಳುವ ಆ ಒಂದು ಪ್ರಶ್ನೆಗೆ ಹೆದರಿ ಹುಡುಗಿಯೊಬ್ಬಳು ಅಮೂಲ್ಯವಾದ ಒಂದೆರಡು ದಿನ ಕಳೆದುಕೊಳ್ಳುತ್ತಾಳೆ.

ದಿನ ಏಕೆ ಅಮೂಲ್ಯ ಎಂದರೆ, ಈ ಮಾತ್ರೆ ಅಂಡಾಣು ಬಿಡುಗಡೆಯಾಗುವುದನ್ನು ಮುಂದೂಡುತ್ತದೆ, ಅಷ್ಟೇ. ಬಿಡುಗಡೆಯಾದ ಮೇಲೆ ನುಂಗಿದರೆ ಹೆಚ್ಚಿನ ಪ್ರಯೋಜನವಿಲ್ಲ. ಸಂಪರ್ಕವಾದ 72 ಗಂಟೆಯೊಳಗೆ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಅದನ್ನು ಮೂರು ದಿನ ಯೋಚಿಸಲು ಸಿಕ್ಕ ಕಾಲಾವಕಾಶವೆಂದು ತಿಳಿಯಬೇಡಿ. ಆರನೆಯ ಗಂಟೆಯಲ್ಲಿ ಸಿಕ್ಕಿದರೆ ಏಳನೆಯದಕ್ಕೆ ಕಾಯಬಾರದು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು. ಕ್ಷಯರೋಗಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಇದರ ಶಕ್ತಿ ಕುಂದುತ್ತದೆ. ಅಂಥವರು ವೈದ್ಯರನ್ನು ಕೇಳಲೇಬೇಕು.

ಮಕ್ಕಳಾಗುವುದಿಲ್ಲ ಎಂಬುದು ಶುದ್ಧ ಸುಳ್ಳು. ವಾಕರಿಕೆ, ತಲೆನೋವು, ಆ ತಿಂಗಳ ಮುಟ್ಟು ಕೆಲವು ದಿನ ಹಿಂದುಮುಂದಾಗುವುದು ಇರಬಹುದು. ಗರ್ಭಕೋಶಕ್ಕೆ ಧಕ್ಕೆಯಿಲ್ಲ. ಗರ್ಭ ಈಗಾಗಲೇ ನಿಂತಿದ್ದರೆ ಅದನ್ನು ತೆಗೆಯುವ ಶಕ್ತಿಯೂ ಇದಕ್ಕಿಲ್ಲ. ಗರ್ಭಪಾತದ ಔಷಧವೇ ಬೇರೆ. ಕೌಂಟರಿನಲ್ಲಿ ಪೊಟ್ಟಣ ತೆರೆದು ನೋಡಿ: ನಿಮಗೆ ಬೇಕಾದುದು 1.5 ಮಿಲಿಗ್ರಾಂನ ಒಂದೇ ಮಾತ್ರೆ. ಐದು ಮಾತ್ರೆಗಳಿದ್ದು ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಎಂದು ಬರೆದಿದ್ದರೆ ಅದು ಗರ್ಭಪಾತದ ಕಿಟ್. ವೈದ್ಯರ ಸಲಹೆಯಿಲ್ಲದೆ ಅದನ್ನು ಮುಟ್ಟಲೇಬೇಡಿ. ಗಡಿಬಿಡಿಯಲ್ಲಿ ‘ಆ ಮಾತ್ರೆ ಕೊಡಿ’ ಎಂದು ಪಿಸುಗುಟ್ಟಿದಾಗ ಒಂದರ ಬದಲು ಇನ್ನೊಂದು ಕೈಗೆ ಬರುವ ಅಪಾಯವಿದೆ. ಹೆಸರು ಹಿಡಿದೇ ಕೇಳಿ. ನಾಲಿಗೆ ಏಳದಿದ್ದರೆ ಚೀಟಿಯ ಮೇಲೆ ಬರೆದುಕೊಡಿ.

ಇನ್ನು ಗುಟ್ಟಿನ ವಿಷಯ. ಗುರುತಿನವರ ಅಂಗಡಿ ಬಿಟ್ಟು ಬಸ್ ನಿಲ್ದಾಣದ ಬಳಿಯದೋ ಪಕ್ಕದ ಪಟ್ಟಣದ್ದೋ ಆರಿಸಿಕೊಳ್ಳಿ. ಗುರುತಿನ ಚೀಟಿ ತೋರಿಸಬೇಕಾಗಿಲ್ಲ. ಬ್ಯಾಂಕಿನ ಸಂದೇಶ ಅಪ್ಪನ ಮೊಬೈಲ್‌ಗೆ ಹೋಗುವಂತಿದ್ದರೆ ನಗದು ಕೊಡಿ. ನೂರು ರೂಪಾಯಿಯ ಆಸುಪಾಸಿನ ಖರ್ಚು. ನಿಮ್ಮ ಗೆಳೆಯನೂ ಹೋಗಿ ತರಬಹುದಿತ್ತು. ಅವನು ತರಲಿಲ್ಲವೇಕೆ ಎಂದು ನನಗೆ ಬೇಸರವಾಯಿತು. ಹರಿದ ಕಾಂಡೋಮ್ ಇಬ್ಬರಿಗೂ ಸೇರಿದ್ದು, ಕೌಂಟರಿನ ಮುಂದೆ ನಿಲ್ಲುವ ಸಂಕೋಚವೂ ಇಬ್ಬರದಾಗಬೇಕು.

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ಬಳಿಯಲ್ಲಿ ಈಜಿ ಪಿಲ್ ಎಂಬ ಹೆಸರಿನಲ್ಲಿ ಇದೇ ಮಾತ್ರೆ ಸಿಗುತ್ತದೆ. ಆದರೆ ಆಶಾ ನಿಮ್ಮದೇ ಬೀದಿಯವರಾಗಿದ್ದರೆ ಹಿಂಜರಿಕೆ ಸಹಜ. ಹದಿಹರೆಯದವರಿಗೆಂದೇ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ; ಅಲ್ಲಿ ಆಪ್ತ ಸಮಾಲೋಚಕರು ಒಬ್ಬರೊಡನೆಯೇ ಕುಳಿತು ಮಾತಾಡುತ್ತಾರೆ. 104ಕ್ಕೆ ಕರೆ ಮಾಡಿದರೆ ಆರೋಗ್ಯ ಸಲಹೆ ಕನ್ನಡದಲ್ಲೇ ದೊರೆಯುತ್ತದೆ. ರೋಗಿಯ ಗುಟ್ಟು ಕಾಪಾಡುವುದು ವೈದ್ಯರ ವೃತ್ತಿ ನಿಯಮದಲ್ಲೇ ಇರುವ ಕರ್ತವ್ಯ. 72 ಗಂಟೆ ಮೀರಿತೆಂದು ಕೈಚೆಲ್ಲಿ ಕುಳಿತುಕೊಳ್ಳುವವರೂ ಆಸ್ಪತ್ರೆಗೆ ಹೋಗಬೇಕು: ಸಂಪರ್ಕವಾದ ಐದು ದಿನಗಳೊಳಗೆ, ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಿಕೊಂಡರೆ ಅದು ಮಾತ್ರೆಗಿಂತಲೂ ಹೆಚ್ಚು ಪರಿಣಾಮಕಾರಿ. ದೇಹತೂಕ ಹೆಚ್ಚಿರುವವರಿಗೂ ಅದು ಒಳ್ಳೆಯ ಆಯ್ಕೆ.

ನಿಮಗೆ 20 ವರ್ಷವಾದ್ದರಿಂದ ಇಷ್ಟು ಸರಳವಾಗಿ ಬರೆದೆ. 18 ತುಂಬದವರ ವಿಷಯದಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅಡ್ಡ ಬರುತ್ತದೆ. ಲೈಂಗಿಕ ಸಂಪರ್ಕ ನಡೆದಿದೆಯೆಂದು ತಿಳಿದ ವೈದ್ಯರು, ಇಬ್ಬರ ಒಪ್ಪಿಗೆ ಇದ್ದರೂ, ಪೊಲೀಸರಿಗೆ ವರದಿ ಮಾಡಬೇಕಾಗುತ್ತದೆ. ಆ ಭಯಕ್ಕೇ ಎಷ್ಟೋ ಮಕ್ಕಳು ಆಸ್ಪತ್ರೆಯ ಮೆಟ್ಟಿಲೇರುವುದಿಲ್ಲ. ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಗರ್ಭಪಾತದ ಪ್ರಕರಣವೊಂದರಲ್ಲಿ, ಬಾಲಕಿ ಮತ್ತು ಪೋಷಕರು ಕೋರಿದರೆ ವರದಿಯಲ್ಲಿ ಅವಳ ಹೆಸರು ಬಹಿರಂಗಪಡಿಸಬೇಕಿಲ್ಲ ಎಂದಿತು. ಮಾತ್ರೆಗಾಗಿ ಬರುವ ಹುಡುಗಿಗೂ ಅಷ್ಟೇ ಸ್ಪಷ್ಟವಾದ ರಕ್ಷಣೆ ಬೇಕೆಂಬುದು ನನ್ನ ಗಟ್ಟಿ ನಿಲುವು. ಬಲವಂತ ನಡೆದಿದ್ದರೆ ಮಾತು ಬೇರೆಯೇ: ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಮಕ್ಕಳಿಗೆ 1098, ಮಹಿಳೆಯರಿಗೆ 181 ಸಹಾಯವಾಣಿ ಇದೆ.

ನಿಮ್ಮ ಗೆಳತಿಯರಿಗೂ ಹೇಳಿ: ಪ್ರತಿ ಬಾರಿಯೂ ಇದನ್ನೇ ನಂಬಿಕೊಳ್ಳುವಂತಿಲ್ಲ. ನಿತ್ಯ ಬಳಸುವ ಕ್ರಮಗಳಿಗಿಂತ ಇದು ಹೆಚ್ಚು ಸಲ ಕೈಕೊಡುತ್ತದೆ, ಎಚ್‌ಐವಿಯಂತಹ ಸೋಂಕನ್ನು ತಡೆಯುವುದೂ ಇಲ್ಲ. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಿ.

ಅಮ್ಮನ ವಿಷಯ ಕೇಳಿದ್ದೀರಿ. ಹೇಳಲೇಬೇಕೆಂಬ ಕಟ್ಟುಪಾಡಿಲ್ಲ. ಹೇಳಿದರೆ ನಿಮ್ಮ ಓದು ನಿಲ್ಲುತ್ತದೆ, ಮೈಮೇಲೆ ಕೈಯಾಗುತ್ತದೆ ಎಂಬ ಅನುಮಾನವಿದ್ದರೆ ಹೇಳದಿರುವುದೇ ಸರಿ. ಅವರ ಮೇಲೆ ಭರವಸೆ ಇದ್ದರೆ, ಕೇಳಲು ಪುರುಸೊತ್ತಿರುವ ಹೊತ್ತು ನೋಡಿ, ಅಂಗಡಿಯಲ್ಲಾದ ಅವಮಾನದಿಂದಲೇ ಮಾತು ಶುರುಮಾಡಿ.